ಮೇಲಿನ ಹಲಗೆಯ ನೀಲಿ ಬ್ಯಾಗು

ನಾನು ಸುಲಭಕ್ಕೆ ಬೆಚ್ಚುವವಳಲ್ಲ. ಅರ್ಧ ಆಯುಷ್ಯ ಹೊಲಿಗೆ ಅಂಗಡಿ ನಡೆಸಿದವಳು. ಮದುವೆಯ ಹಿಂದಿನ ದಿನ ಬಂದು, ಅಳತೆ ತಪ್ಪಿದೆ ಎಂದು ಅಂಗಡಿಯ ನಡುವೆ ಕೂತು ಅತ್ತ ಹುಡುಗಿಯರನ್ನೂ, ಅವರ ಹಿಂದೆಯೇ ಬಂದು ನನ್ನ ಜನ್ಮ ಜಾಲಾಡಿದ ತಾಯಂದಿರನ್ನೂ ನೋಡಿ ನೋಡಿ ಗಟ್ಟಿಯಾದ ಜೀವ ಇದು. ಆದರೂ ಕಡಲ ಬದಿಯ ಆ ಸಣ್ಣ ಊರಿನಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ನೆನೆದರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ.

ಅಲ್ಲಿಗೆ ನನ್ನನ್ನು ಹೊರಡಿಸಿದ್ದು ತಂಗಿಯ ಮಗಳು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದೆನಲ್ಲ, ಅವಳಿಗೆ ಸಹಿಸಲಾಗಲಿಲ್ಲ. ‘ದೊಡ್ಡಮ್ಮ, ಗೋಡೆ ನೋಡಿದ್ದು ಸಾಕು, ನನ್ ಜೊತೆ ಬಾ’ ಎಂದಳು. ಸರಿ, ಚಕ್ರದ ಪೆಟ್ಟಿಗೆ ತೆಗೆದೆ. ‘ಅಯ್ಯೋ, ಅದೆಲ್ಲ ಬೇಡ, ಬೆನ್ನಿಗೆ ಹಾಕ್ಕೊಳ್ಳೋದೇ ಬೇಕು’ ಎಂದು ಕತ್ತೆಯ ಮೇಲೆ ಹೇರುವಷ್ಟು ದೊಡ್ಡ ಬ್ಯಾಗೊಂದನ್ನು ನನ್ನ ಬೆನ್ನಿಗೆ ಕಟ್ಟಿದಳು. ಬಸ್ಸು ಇಳಿದ ಕೂಡಲೇ ಹಿಂದಕ್ಕೆ ವಾಲಿ ಕಂಬ ಹಿಡಿದುಕೊಂಡೆ. ಅವಳು ನಗುತ್ತಾ ನಿಂತಳು. ಹೊಲಿಗೆಯ ಟೇಪು ಕೈಯಲ್ಲಿದ್ದಿದ್ದರೆ ಅದರಲ್ಲೇ ಎರಡು ಬಾರಿಸುತ್ತಿದ್ದೆ.

ಆ ಊರಿಗೆ ಜನ ಬರುವುದೇ ಸಮುದ್ರದ ಅಂಚಿಗಿರುವ ಪಾಳು ಕಟ್ಟಡಗಳನ್ನು ನೋಡಲು. ಮುರಿದ ಕಂಬಗಳು, ಸೂರಿಲ್ಲದ ಕೋಣೆಗಳು, ಎಲ್ಲಿಗೂ ಹೋಗದ ಮೆಟ್ಟಿಲುಗಳು. ಒಳಗೆ ಬ್ಯಾಗು ಬಿಡುವುದಿಲ್ಲ. ಹಿಂದೆ ಯಾವನೋ ಪುಣ್ಯಾತ್ಮ ಬೆನ್ನಿನ ಹೊರೆ ಸಮೇತ ಗಿರಕ್ಕನೆ ತಿರುಗಿ, ಕಲ್ಲಿನ ಮುಖವೊಂದರ ಮೂಗನ್ನೇ ಹಾರಿಸಿಬಿಟ್ಟಿದ್ದನಂತೆ. ಹಾಗಾಗಿ ಬಂದವರೆಲ್ಲ ಬಸ್ಸು ನಿಲ್ದಾಣದ ಎದುರಿನ ಮನೆಯೊಂದರಲ್ಲಿ ಬ್ಯಾಗು ಇಟ್ಟು ಹೋಗಬೇಕು. ಆ ಮನೆಯಾಕೆಯನ್ನು ಊರೆಲ್ಲ ಚಿಂದಿಯಕ್ಕ ಎನ್ನುತ್ತಿತ್ತು.

ಯಾಕೆ ಚಿಂದಿಯಕ್ಕ ಎಂಬುದು ಬ್ಯಾಗು ಇಳಿಸಿದ ಮೇಲೆ ತಿಳಿಯಿತು. ಆಕೆಯ ಬಳಿ ಚೀಟಿ ಇಲ್ಲ, ಬಿಲ್ಲೆ ಇಲ್ಲ, ನಿಮ್ಮ ಹೆಸರೇನೆಂದು ಕೇಳುವುದೂ ಇಲ್ಲ. ಮೇಜಿನ ಮೇಲೆ ಹಳೆಯ ಪರದೆ, ಹೊದಿಕೆ, ಮೇಲುಹಾಸುಗಳ ರಾಶಿ. ಅದರಿಂದ ಬೆರಳಗಲದ ಒಂದು ಪಟ್ಟಿ ತೆಗೆದು, ದೊಡ್ಡ ಕತ್ತರಿಯಿಂದ ಅದನ್ನು ನಡುವೆ ಕತ್ತರಿಸುತ್ತಾಳೆ. ನೇರವಾಗಿ ಅಲ್ಲ, ಒಳಗೆ ಹೊರಗೆ, ಮೇಲೆ ಕೆಳಗೆ, ಕತ್ತರಿ ಹೋದ ಹಾಗೆ. ಒಂದು ಅರ್ಧ ಬ್ಯಾಗಿನ ಪಟ್ಟಿಗೆ, ಇನ್ನೊಂದು ಅರ್ಧ ನಿಮ್ಮ ಮಣಿಕಟ್ಟಿಗೆ. ತಿರುಗಿ ಬಂದಾಗ ಎರಡೂ ಅಂಚನ್ನು ಮೇಜಿನ ಮೇಲೆ ಕೂಡಿಸಿ, ಬೆರಳಿನಿಂದ ಸವರಿ, ‘ಹೂಂ’ ಎಂದರೆ ಬ್ಯಾಗು ನಿಮ್ಮದು.

ನಾನು ಬಟ್ಟೆಯ ಜೊತೆ ಬದುಕಿದವಳು. ಆಕೆಯ ಕತ್ತರಿಯ ಓಟ ನೋಡಿ ಮನಸ್ಸಿನಲ್ಲೇ ಮೂಗು ಮುರಿದೆ. ನನ್ನ ಅಂಗಡಿಯಲ್ಲಿ ಹೀಗೆ ಕತ್ತರಿಸಿದವಳನ್ನು ಅವತ್ತೇ ಮನೆಗೆ ಕಳಿಸುತ್ತಿದ್ದೆ. ಸಂಜೆ ಅದರ ಬಿಸಿ ನನಗೇ ತಟ್ಟಿತು. ಕಲ್ಲುಗಳ ನಡುವೆ ಎಲ್ಲೋ ಮಣಿಕಟ್ಟಿನ ಚಿಂದಿ ಬಿಚ್ಚಿ ಕನ್ನಡಕ ಒರೆಸಿದ್ದೆ. ಆಮೇಲೆ ಅದು ಎಲ್ಲಿ ಹೋಯಿತೋ.

‘ಅದೋ, ಅದೇ ನನ್ ಬ್ಯಾಗು. ಮಾತ್ರೆ ಅದ್ರಲ್ಲಿದೆ, ಕೊಡಿ.’

‘ಚಿಂದಿ?’

‘ಬೆಳಗ್ಗೆ ನೀವೇ ಅಲ್ವೇನಮ್ಮ ಇಟ್ಕೊಂಡಿದ್ದು? ನನ್ ಮುಖ ಮರೆತೋಯ್ತಾ?’

‘ಮುಖ ಚೆನ್ನಾಗೇ ನೆನಪಿದೆ. ಇಷ್ಟು ಸಿಟ್ಟಿನ ಮುಖ ಮರೆಯೋಕಾಗುತ್ತಾ? ಆದ್ರೆ ಚಿಂದಿ ಬೇಕು.’

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿಸಿಕೊಂಡು, ‘ಜೇಬು ನೋಡ್ಕೊಳ್ಳಿ’ ಎಂದಳು ಅಷ್ಟೇ. ಕೊನೆಗೆ ತಂಗಿಯ ಮಗಳು ನನ್ನ ಕನ್ನಡಕದ ಡಬ್ಬಿ ತೆರೆದು ಅದರೊಳಗಿಂದ ಚಿಂದಿ ಎಳೆದಳು. ಇಬ್ಬರೂ ಸೇರಿ ನಕ್ಕರು. ನಾನು ನಗಲಿಲ್ಲ.

ಆದರೆ ಜಗಳವಾಡಿದವರ ಜೊತೆಯೇ ನನಗೆ ಬೇಗ ಹೊಂದಿಕೆಯಾಗುವುದು. ಮರುದಿನ ಹುಡುಗಿ ಮತ್ತೆ ಕಲ್ಲು ನೋಡಲು ಹೊರಟಾಗ ನಾನು ಚಿಂದಿಯಕ್ಕನ ಮನೆಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟೆ. ಟೀ ಬಂತು. ಅದರ ಮುಂದಿನ ದಿನ ಊರು ಬಿಡುವ ದಿನ. ಕೋಣೆ ಖಾಲಿ ಮಾಡಿ, ಸಂಜೆಯ ಬಸ್ಸಿನವರೆಗೆ ಬ್ಯಾಗುಗಳನ್ನು ಆಕೆಯಲ್ಲಿಟ್ಟು ನಾನು ಮತ್ತೆ ಅಲ್ಲೇ ಕೂತೆ.

ಅಷ್ಟರಲ್ಲಿ ಆಕೆಯ ಬದುಕು ನನಗೆ ಸುಮಾರಾಗಿ ತಿಳಿದಿತ್ತು. ಗಂಡ ಗಾರೆ ಕೆಲಸದವರು, ಆ ಪಾಳು ಗೋಡೆಗಳ ಬಿರುಕಿಗೆ ಸುಣ್ಣ ತುಂಬುವುದೇ ಅವರ ಜೀವನಪೂರ್ತಿಯ ಕೆಲಸ. ಮಕ್ಕಳಿಲ್ಲ. ಆ ಕೋಣೆಯ ಹಲಗೆಗಳನ್ನೆಲ್ಲ ಅವರೇ ಕೂಡಿಸಿದ್ದು. ತೀರಿಕೊಂಡು ಕೆಲವು ವರ್ಷವಾಗಿತ್ತು.

‘ನಮ್ಮನೆಯವರು ಏನು ಮುಟ್ಟಿದ್ರೂ ನೇರ’ ಎಂದು ಆಕೆ ಹಲಗೆ ಸವರಿದಳು. ‘ಉಗುರು ಕತ್ತರಿಸಿದ್ರೂ ದಾರ ಹಿಡಿದ ಹಾಗೆ. ಒಂದ್ಸಲ ನಂಗೆ ಜ್ವರ, ಚಿಂದಿ ಕತ್ತರಿಸಿ ಕೊಡಿ ಅಂದೆ. ರಾಶಿ ಮಾಡಿಟ್ರು ಪಾಪ. ನೋಡ್ತೀನಿ, ಎಲ್ಲಾ ಸೀದಾ ಗೆರೆ! ಇದನ್ನ ಯಾರ ಚಿಂದಿಗೆ ಬೇಕಾದ್ರೂ ಕೂಡಿಸಬಹುದಲ್ರೀ ಅಂತ ಹೊಟ್ಟೆ ಹಿಡ್ಕೊಂಡು ನಕ್ಕೆ. ಅಂಕುಡೊಂಕಾಗಿ ಕತ್ತರಿಸೋಕೆ ಅವರಿಗೆ ಕೈಯೇ ಬರ್ತಿರ್ಲಿಲ್ಲ.’

ಎಲ್ಲಕ್ಕಿಂತ ಮೇಲಿನ ಹಲಗೆಯ ಮೂಲೆಯಲ್ಲಿ ಒಂದು ನೀಲಿ ಬ್ಯಾಗು ಒಂಟಿಯಾಗಿ ಕೂತಿತ್ತು. ಧೂಳು ಹಿಡಿದು ನೀಲಿ ಹೋಗಿ ಬೂದಿಯಾಗಿತ್ತು. ಅದೇನೆಂದು ಕೇಳಿದೆ. ಚಿಂದಿಯಕ್ಕನ ದನಿ ತಗ್ಗಿತು.

ಇಪ್ಪತ್ತು ವರ್ಷದ ಹತ್ತಿರವಾಯಿತಂತೆ. ಒಬ್ಬಳೇ ಬಂದ ಹುಡುಗಿಯೊಬ್ಬಳು ಬೆಳಗ್ಗೆ ಬ್ಯಾಗು ಇಟ್ಟು ಕಲ್ಲು ನೋಡಲು ಹೋದಳು. ಸಂಜೆ ಬರಲಿಲ್ಲ. ಮರುದಿನ ಮರಳಿನ ಮೇಲೆ ಅವಳ ಚಪ್ಪಲಿ ಸಿಕ್ಕಿತು. ಸಮುದ್ರ ಎಳೆದುಕೊಂಡಿತು ಎಂದು ಊರು ತೀರ್ಮಾನಿಸಿತು. ಅದೇ ದಿನ ಅವಳ ಅಣ್ಣ ಎನ್ನುವವನು ಬಂದ. ಎಷ್ಟು ಅತ್ತನೆಂದರೆ ಎದುರಿನ ಬೆಂಚಿನಿಂದ ಏಳಲೇ ಇಲ್ಲ. ತಂಗಿಯ ನೆನಪಿಗೆ ಆ ಬ್ಯಾಗಾದರೂ ಕೊಡಿ ಎಂದು ಕಾಲು ಹಿಡಿದ.

‘ಕೊಡ್ಲಿಲ್ಲ ನಾನು. ಚಿಂದಿ ತಗೊಂಡ್ ಬಾ, ಇಲ್ಲಾ ಪೊಲೀಸ್ನೋರನ್ನ ಕರ್ಕೊಂಡ್ ಬಾ, ಅವರ ಕೈಗೆ ಕೊಡ್ತೀನಿ ಅಂದೆ. ಪೊಲೀಸ್ನೋರನ್ನ ಮಾತ್ರ ಕರೀಲಿಲ್ಲ ಅವನು. ಊರೆಲ್ಲ ನನಗೆ ಛೀಮಾರಿ ಹಾಕ್ತು. ಹೆಣ್ಣಲ್ಲ ಇವಳು, ಕಲ್ಲು ಅಂದ್ರು. ಪಕ್ಕದ ಮನೆಯೋಳು ಮಾತೇ ಬಿಟ್ಳು. ನಮ್ಮನೆಯವರು ಮಾತ್ರ ಒಂದೇ ಒಂದು ಮಾತು ಆಡ್ಲಿಲ್ಲ. ಆ ಬ್ಯಾಗನ್ನ ಯಾರಿಗೂ ಎಟುಕದ ಹಾಗೆ ತಾವೇ ಮೇಲೆ ಇಟ್ರು. ಮೂರ್ನಾಲ್ಕು ದಿನಕ್ಕೆ ಅವನು ಹೊರಟು ಹೋದ.’

‘ತೆಗೆದು ನೋಡಬಹುದಿತ್ತಲ್ಲ?’

‘ಇನ್ನೊಬ್ಬರ ಬ್ಯಾಗ್ನ ಬಾಯಿ ನಾನು ಬಿಚ್ಚಲ್ಲ.’ ಆಕೆ ನೆಟ್ಟಗೆ ಕೂತಳು. ‘ಹಾಸಿಗೆ ಹಿಡಿದಾಗ ನಮ್ಮನೆಯವರೂ ಹಾಗೇ ಅಂದ್ರು. ಆ ಬ್ಯಾಗ್ ಇಳಿಸು, ಬಿಚ್ಚಿ ನೋಡು ಅಂತ. ಸಾಯೋ ಕಾಲಕ್ಕೆ ನನ್ ನೇಮ ಮುರಿಸ್ತೀರಾ ಅಂತ ಬೈದೆ. ಸುಮ್ಮನಾದ್ರು.’

ಆಮೇಲೆ ಆಕೆಯೇ ಅಂದಳು: ‘ಅವನು ನಿಜವಾದ ಅಣ್ಣ ಆಗಿದ್ರೆ ಪಾಪ ಬಂತು ನಂಗೆ. ಇದೊಂದು ತಿಳಿದ್ರೆ ಸಾಕು ಕಣಮ್ಮ. ನಾನು ಸರಿ ಮಾಡಿದ್ನೋ, ತಪ್ಪು ಮಾಡಿದ್ನೋ.’

ಆ ಮಧ್ಯಾಹ್ನವೇ, ಆಕೆ ಎರಡನೇ ಸಲ ಟೀ ಇಳಿಸುತ್ತಿದ್ದಾಗ, ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಳು. ನಲವತ್ತು ದಾಟಿದ ವಯಸ್ಸು, ಅರ್ಧ ನರೆತ ಕೂದಲು, ಹೆಗಲಿಗೆ ಒಂದು ಬ್ಯಾಗು. ಒಳಗೆ ಬಂದವಳು ಬ್ಯಾಗು ಇಳಿಸಲಿಲ್ಲ. ಮುಷ್ಟಿ ಬಿಚ್ಚಿ ಮೇಜಿನ ಮೇಲೆ ಒಂದು ಬಟ್ಟೆ ತುಂಡು ಇಟ್ಟಳು.

‘ಇದು ನಿಮ್ಮ ಕತ್ತರಿಯದಾ, ಅಕ್ಕ?’

ಹಸಿರು ಚೌಕಳಿಯ ಬಟ್ಟೆ, ತೊಳೆದು ತೊಳೆದು ತೆಳುವಾಗಿತ್ತು. ಅಂಚು ಒಳಗೆ ಹೊರಗೆ, ಮೇಲೆ ಕೆಳಗೆ. ಎರಡು ದಿನದಿಂದ ನೋಡುತ್ತಿದ್ದೆನಲ್ಲ, ಆ ಕೈ ಯಾರದೆಂದು ನನಗೂ ಗೊತ್ತಾಯಿತು. ಚಿಂದಿಯಕ್ಕ ಟೀ ಪಾತ್ರೆಯನ್ನು ಕೆಳಗಿಟ್ಟಳೋ ಬಿಟ್ಟಳೋ, ಅದು ಉರುಳಿ ನೆಲವೆಲ್ಲ ಟೀ ಆಯಿತು. ಆಕೆ ಆ ತುಂಡನ್ನು ನೋಡಿದಳು, ಮೇಲಿನ ಹಲಗೆ ನೋಡಿದಳು, ಮತ್ತೆ ಹೆಂಗಸಿನ ಮುಖ ನೋಡಿದಳು.

‘ನೀನು... ಬದುಕಿದ್ದೀಯಾ?’

ಬೆಳಗ್ಗೆಯಷ್ಟೇ ಸತ್ತಳೆಂದು ಕೇಳಿದ ಹುಡುಗಿ ಎದುರಿಗೆ ಉಸಿರಾಡುತ್ತಾ ನಿಂತಿದ್ದಳು.

ಚಿಂದಿಯಕ್ಕ ನಕ್ಕಳು, ಅತ್ತಳು, ನನ್ನ ಭುಜ ಹಿಡಿದು ಅಲುಗಾಡಿಸಿದಳು. ‘ನೋಡಿ, ನೋಡಿ! ಇವಳೇ! ಇರು ತಾಯಿ, ನಿನ್ ಬ್ಯಾಗು ಇಟ್ಟ ಹಾಗೇ ಇದೆ. ನಿಮ್ಮಣ್ಣ ಅಂತ ಬಂದು ಹೊರಳಾಡಿ ಅತ್ತ, ಕೊಡ್ಲಿಲ್ಲ ನಾನು. ಊರಿಗೆ ಊರೇ ಉಗೀತು, ಕೊಡ್ಲಿಲ್ಲ!’

ಹೆಂಗಸಿನ ಮುಖದಲ್ಲಿ ನಗು ಬರಲಿಲ್ಲ. ‘ಕೊಡ್ಲಿಲ್ವಾ?’ ಎಂದಳು. ‘ನನ್ ಹತ್ರ ಅರ್ಧ ಇರೋವಾಗ ಹೇಗೆ ಕೊಟ್ರಿ ಅಂತ ಕೇಳೋಕೇ ನಾನು ಬಂದಿದ್ದು.’

ಚಿಂದಿಯಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಆಗಲೇ ಸ್ಟೂಲು ಎಳೆದು ಹತ್ತಿದ್ದಳು. ನಾನು ಓಡಿ ಆಕೆಯ ಕಾಲು ಹಿಡಿದುಕೊಂಡೆ. ಬ್ಯಾಗು ಕೆಳಗೆ ಬಂತು, ಅದರ ಜೊತೆ ಧೂಳಿನ ಮಳೆ. ಮೇಜಿನ ಮೇಲಿಟ್ಟು, ಪಟ್ಟಿಗೆ ಕಟ್ಟಿದ್ದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು. ಅದೇ ಹಸಿರು ಚೌಕಳಿ. ಗಂಟಿನೊಳಗೆ ಮಡಚಿ ಸೇರಿಸಿದ್ದ ತುದಿ ಹೊರಗೆ ಬಂತು.

ನಾನು ಬಟ್ಟೆಯವಳು, ಮೊದಲು ಕಂಡದ್ದು ನನಗೇ. ಆ ತುದಿ ನೇರವಾಗಿತ್ತು, ದಾರ ಹಿಡಿದು ಗೆರೆ ಎಳೆದಷ್ಟು ನೇರ.

ಚಿಂದಿಯಕ್ಕ ಎರಡು ತುಂಡನ್ನೂ ಅಂಚಿಗೆ ಅಂಚು ಕೂಡಿಸಿದಳು. ಕೂಡಲಿಲ್ಲ. ತಿರುಗಿಸಿ ಕೂಡಿಸಿದಳು. ಬೆರಳು ಆ ನೇರ ಅಂಚಿನ ಮೇಲೆ ಒಂದು ಸಲ ಹೋಯಿತು, ಇನ್ನೊಂದು ಸಲ ಹೋಯಿತು, ಅಲ್ಲೇ ನಿಂತಿತು.

‘ಅದು ನನ್ನದಲ್ಲ. ಅಂಗಡೀಲಿ ಸಿಗೋ ಅದೇ ಥರದ್ದು ಇನ್ನೊಂದು’ ಎಂದಳು ಹೆಂಗಸು. ‘ನನ್ನದನ್ನ ನಾನು ಆ ತಿಂಗಳೇ ನೋಡ್ದೆ. ಅಣ್ಣನ ಹತ್ರ.’

ಅವಳು ಗಟ್ಟಿಯಾಗಿಯೂ ಮಾತಾಡಲಿಲ್ಲ, ಅಳಲೂ ಇಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಅವಳು ನರ್ಸಿಂಗ್ ಓದಿ ಮುಗಿಸಿದ್ದಳಂತೆ. ಅಣ್ಣ ಗೊತ್ತು ಮಾಡಿದ ಮದುವೆ ಬೇಡವೆಂದು ಮನೆ ಬಿಟ್ಟು, ದೂರದ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು, ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ದಿನ ಸಮುದ್ರ ನೋಡೋಣವೆಂದು ಇಳಿದದ್ದು. ಪಾಳು ಕಟ್ಟಡಗಳ ಬಾಗಿಲ ಬಳಿ ಸಾಲಿನಲ್ಲಿ ನಿಂತಿದ್ದಾಗ, ಆಚೆ ಟೀ ಅಂಗಡಿಯಲ್ಲಿ ಅಣ್ಣ ಕಾಣಿಸಿದ. ಚಪ್ಪಲಿ ಕೈಗೆ ತೆಗೆದುಕೊಂಡು ಮರಳಿನ ಮೇಲೆ ಓಡಿದಳು, ಎಲ್ಲೋ ಬಿದ್ದುಹೋದವು. ಮೀನಿನ ಲಾರಿಯವನೊಬ್ಬ ಹತ್ತಿಸಿಕೊಂಡ.

‘ಬ್ಯಾಗು ಹೋದ್ರೆ ಹೋಗ್ಲಿ ಅಂದ್ಕೊಂಡೆ. ಅರ್ಧ ನನ್ ಕೈಲಿದೆಯಲ್ಲ, ಯಾರಿಗೂ ಸಿಗಲ್ಲ ಅನ್ನೋ ಧೈರ್ಯ. ಅದರಲ್ಲಿ ಆಸ್ಪತ್ರೆಯವರು ಕೊಟ್ಟಿದ್ದ ಎರಡು ಬಿಳೀ ಕೋಟು ಇತ್ತು. ಜೇಬಿನ ಮೇಲೆ ಆಸ್ಪತ್ರೆ ಹೆಸರು ಹೊಲಿದಿತ್ತು. ಒಂದು ಬೆಳಗ್ಗೆ ಕೆಲಸಕ್ಕೆ ಹೋಗ್ತೀನಿ, ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಬೆನ್ನಿಗೆ ನನ್ನ ಬ್ಯಾಗು, ತೋಳ್ ಮೇಲೆ ನನ್ನ ಕೋಟು.’

‘ಆಮೇಲೆ?’ ಎಂದೆ. ಕೇಳಬಾರದಿತ್ತು.

‘ಆಮೇಲೇನು. ಮನೆಗೆ ಕರ್ಕೊಂಡು ಹೋದ. ಅವನು ಹೇಳಿದವನನ್ನೇ ಕಟ್ಕೊಂಡೆ. ಆ ಕೋಟು ಮತ್ತೆ ಹಾಕ್ಲಿಲ್ಲ. ಈ ವರ್ಷ ಅಣ್ಣ ತೀರ್ಕೊಂಡ. ಅದಕ್ಕೇ ಬರೋಕಾಯ್ತು.’

ಚಿಂದಿಯಕ್ಕ ಆಗ ಆ ಬ್ಯಾಗಿನ ಬಾಯಿ ಬಿಚ್ಚಿದಳು. ಇಷ್ಟು ವರ್ಷದಲ್ಲಿ ಆಕೆ ಬಿಚ್ಚಿದ ಮೊದಲ ಬ್ಯಾಗು ಅದು. ಒಳಗೆ ಗೋಣಿ ತುಂಡುಗಳು, ಒಂದು ಹಳೆಯ ಹೊದಿಕೆ, ಮೇಲೆ ಸುಣ್ಣದ ಕಲೆಯ ಒಂದು ಪ್ಯಾಂಟು. ಆಕೆ ಪ್ಯಾಂಟನ್ನು ಎತ್ತಿ ಹಿಡಿದಳು.

‘ಇದು ತಂತಿ ಮೇಲಿಂದ ಕಳುವಾಯ್ತು ಅಂತ ಪಕ್ಕದ ಮನೆಯೋಳ ಮೇಲೆ ಅನುಮಾನಪಟ್ಟಿದ್ದೆ ನಾನು’ ಎಂದು ಸಣ್ಣ ದನಿಯಲ್ಲಿ ಅಂದಳು.

ಮಾತೇ ಆಡದ ಆ ಗಂಡನನ್ನು ಆಕೆ ಇಷ್ಟು ವರ್ಷ ತನ್ನ ಪಕ್ಷದವನೆಂದು ತಿಳಿದಿದ್ದಳು. ಊರೆಲ್ಲ ಕಲ್ಲು ಎಂದಾಗ ಆತನೊಬ್ಬನ ಮೌನಕ್ಕೆ ಆತುಕೊಂಡು ನಿಂತಿದ್ದಳು. ಆತ ಸುಮ್ಮನಿದ್ದದ್ದು ಯಾಕೆಂದು ಈಗ ಮೇಜಿನ ಮೇಲೆ ಬಿದ್ದಿತ್ತು. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ. ನನಗೆ ಬಂದ ಸಿಟ್ಟಿಗೆ ಆ ನೇರ ಹಲಗೆಗಳನ್ನೆಲ್ಲ ಕಿತ್ತೊಗೆಯಬೇಕೆನ್ನಿಸಿತು.

‘ಯಾರು ಕೊಟ್ಟಿದ್ದು?’ ಎಂದು ಹೆಂಗಸು ಕೇಳಿದಳು.

ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ನಾನು ಕಾದೆ. ಚಿಂದಿಯಕ್ಕ ಪ್ಯಾಂಟನ್ನು ಮಡಚಿದಳು, ಸುಕ್ಕು ತೀಡಿದಳು.

‘ನಮ್ಮನೆಯವರಿಗೆ ಅಳೋರನ್ನ ನೋಡೋಕೆ ಆಗ್ತಿರ್ಲಿಲ್ಲ’ ಎಂದಳು. ಆಮೇಲೆ ತಲೆ ಎತ್ತಿದಳು. ‘ಆದ್ರೆ ಬ್ಯಾಗ್ ಇಟ್ಕೊಂಡೋಳು ನಾನು. ನಿನ್ ಕೈಗೆ ಚಿಂದಿ ಕಟ್ಟಿದೋಳು ನಾನು. ನಾನೇ ಕೊಟ್ಟೆ ಅಂತ ಇಟ್ಕೋ.’

ಹೆಂಗಸು ‘ಪರವಾಗಿಲ್ಲ ಬಿಡಿ’ ಎನ್ನಲಿಲ್ಲ. ಅನ್ನಲಿ ಎಂದು ನಾನು ಬಯಸಿದ್ದು ನಿಜ, ಆದರೆ ಯಾಕೆ ಅನ್ನಬೇಕು? ಹೆಗಲಿನ ಬ್ಯಾಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು.

‘ಆವತ್ತು ಆ ಕಲ್ಲುಗಳನ್ನ ನೋಡೇ ಇಲ್ಲ ನಾನು. ನೋಡಿ ಹೋಗ್ತೀನಿ.’

‘ಒಳಗೆ ಬ್ಯಾಗು ಬಿಡ...’ ರೂಢಿಯಂತೆ ಚಿಂದಿಯಕ್ಕನ ಕೈ ಕತ್ತರಿಯ ಮೇಲೆ ಹೋಗಿತ್ತು. ಬೆರಳು ಸುಟ್ಟುಕೊಂಡವಳಂತೆ ಹಿಂದಕ್ಕೆ ತೆಗೆದಳು.

‘ಇಲ್ಲಿ ಇಡಲ್ಲ’ ಎಂದಳು ಹೆಂಗಸು.

‘ಇಡಬೇಡ. ಇರು, ನಾನೇ ಬರ್ತೀನಿ.’

ಆಕೆ ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಜಡಿದು, ಹೆಂಗಸಿನ ಹಿಂದೆ ನಡೆದಳು. ನನ್ನ ಬ್ಯಾಗು, ಮಾತ್ರೆ, ಸಂಜೆಯ ಬಸ್ಸಿನ ಟಿಕೆಟ್ಟು, ಎಲ್ಲ ಆ ಬೀಗದೊಳಗೆ. ಬೇರೆ ದಿನವಾಗಿದ್ದರೆ ಬೀದಿಯೇ ಕೇಳುವಂತೆ ಕೂಗುತ್ತಿದ್ದೆ. ಬಾಯಿ ಮುಚ್ಚಿಕೊಂಡು ಅವರಿಬ್ಬರ ಹಿಂದೆ ಹೋದೆ.

ಬಾಗಿಲಲ್ಲಿ ಕಾವಲಿನವನು ಬ್ಯಾಗಿಗೆ ಕೈ ಅಡ್ಡ ಹಿಡಿದ. ಹೆಂಗಸು ಅಲ್ಲೇ ನಿಂತಳು. ಒಳಗಿನ ಕಂಬಗಳನ್ನು ನೋಡಿದಳು, ಅವುಗಳಾಚೆಯ ನೀರನ್ನು ನೋಡಿದಳು. ಚಿಂದಿಯಕ್ಕ ಎರಡೂ ಕೈ ಮುಂದೆ ಚಾಚಿದಳು. ಆ ಕೈಗಳನ್ನು ಹೆಂಗಸು ಬಹಳ ಹೊತ್ತು ನೋಡಿದಳು. ಹಿಂದೆ ನಿಂತಿದ್ದವರು ಗೊಣಗತೊಡಗಿದರು. ಕೊನೆಗೆ ಬ್ಯಾಗು ತೆಗೆದು ಆ ಕೈಗಳ ಮೇಲಿಟ್ಟಳು.

‘ಇಲ್ಲೇ ಇರ್ತೀನಿ’ ಎಂದಳು ಚಿಂದಿಯಕ್ಕ. ‘ಎಲ್ಲಿಂದ ತಿರುಗಿದ್ರೂ ಕಾಣ್ತೀನಿ.’

ಬಾಗಿಲ ಪಕ್ಕ ಗೋಡೆ ಮೊಣಕಾಲೆತ್ತರಕ್ಕೆ ಕುಸಿದಿತ್ತು. ಅದಕ್ಕೆ ಸುಣ್ಣ ತುಂಬಿದ್ದ ಗೆರೆಗಳು ಯಾರ ಕೈಯವೆಂದು ನನಗೆ ಗೊತ್ತಾಯಿತು. ಆಕೆಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಅದಕ್ಕೆ ಒತ್ತಿ ಬಿಸಿಲಲ್ಲಿ ನಿಂತಳು. ಹೆಂಗಸು ಮೊದಲ ಕಂಬದ ಬಳಿ ಹೋಗಿ ತಿರುಗಿ ನೋಡಿದಳು. ಚಿಂದಿಯಕ್ಕ ಬ್ಯಾಗನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿದಳು. ಮುರಿದ ಮೆಟ್ಟಿಲ ಬಳಿ ಅವಳು ತಿರುಗಿದಳು, ಈಕೆ ಮತ್ತೆ ಎತ್ತಿದಳು. ಪ್ರತಿ ಕಂಬಕ್ಕೂ ಅದೇ.

ತಂಗಿಯ ಮಗಳು ನನ್ನನ್ನು ಹುಡುಕಿಕೊಂಡು ಬಂದು, ‘ದೊಡ್ಡಮ್ಮ, ಬಸ್ಸು!’ ಎಂದಳು. ಹೋಗಲಿ ಬಿಡು ಎಂದೆ.

ಚಿಂದಿಯಕ್ಕನ ತೋಳು ನಡುಗುತ್ತಿದ್ದವು. ಅರವತ್ತು ದಾಟಿದ ಜೀವ, ಬ್ಯಾಗು ಹಗುರವೇನಿರಲಿಲ್ಲ.

‘ನಾನು ಸ್ವಲ್ಪ ಹೊತ್ತು ಹಿಡ್ಕೊಳ್ಳಾ?’ ಎಂದೆ.

‘ಬೇಡ ಕಣಮ್ಮ. ಅವಳು ತಿರುಗಿದಾಗ ನನ್ ಕೈಲೇ ಇರ್ಬೇಕು.’

ಹೆಂಗಸು ನೀರಿನ ಅಂಚಿನ ಕೊನೆಯ ಕಂಬ ತಲುಪಿ, ಅದರ ಬುಡದ ಕಲ್ಲಿನ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತಳು. ತಿರುಗುತ್ತಾಳೆಂದು ನಾವು ಕಾದೆವು. ಬಿಸಿಲು ಇಳಿಯಿತು, ಜನ ಹೊರಗೆ ಬರತೊಡಗಿದರು. ಅವಳು ಆಮೇಲೆ ಒಂದು ಸಲವೂ ತಿರುಗಿ ನೋಡಲಿಲ್ಲ. ಚಿಂದಿಯಕ್ಕ ಬ್ಯಾಗನ್ನು ಎದೆಯ ಮಟ್ಟದಿಂದ ಕೆಳಗಿಳಿಸದೆ ನಿಂತೇ ಇದ್ದಳು.